ಮನೆಯ ಪುಸ್ತಕಭಂಡಾರ

ಪುಸ್ತಕಭಂಡಾರವೆಂದೊಡನೆ ರಾಜಾಶ್ರಯವೂ ದೊಡ್ಡ ಕಟ್ಟಡವೂ ನೆನಪಿಗೆ ಬರುವುದು ಸಹಜ. ಆದರೆ ಕನ್ನಡನಾಡಿನಲ್ಲಿ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿದುದರಲ್ಲಿ ಮಠ ಬಸದಿಗಳೊಡನೆ ಗೃಹಸ್ಥರ ಮನೆಗಳಿಗೂ ಪಾಲುಂಟು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಮುದ್ರಣಯಂತ್ರವಿಲ್ಲದ ಆ ಕಾಲದಲ್ಲಿ ಗ್ರಂಥವೊಂದು ಉಳಿಯಬೇಕಾದರೆ ಅದು ಅನೇಕರ ಕೈಸೇರಬೇಕಾಗಿದ್ದಿತು.

ಓಲೆಯ ಪುಸ್ತಕವನ್ನು ಕಾಪಾಡುವುದು ಸುಲಭವಾದ ಕೆಲಸವಲ್ಲ. ಕಬ್ಬಿಣದ ಕಂಠದಿಂದ ಕೊರೆದ ಅಕ್ಷರಗಳಿಗೆ ಮಸಿ ಸವರಿ, ರಂಧ್ರದಲ್ಲಿ ದಾರವನ್ನು ಪೋಣಿಸಿ, ಮೇಲೂ ಕೆಳಗೂ ಮರದ ಹಲಗೆಗಳನ್ನಿಟ್ಟು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಅಷ್ಟು ಮಾತ್ರದಿಂದ ಅದು ಉಳಿಯದು. ಆಗಾಗ ಬಿಚ್ಚಿ ಗಾಳಿಗಿಡಬೇಕು, ಎಣ್ಣೆ ಸವರಬೇಕು, ಓಲೆ ಮುರಿಯುವ ಮೊದಲೇ ಹೊಸ ಪ್ರತಿಯನ್ನು ತೆಗೆಯಬೇಕು. ಓದುವ ಮನೆಯಲ್ಲಿ ಇವೆಲ್ಲವೂ ತಾವಾಗಿ ನಡೆಯುತ್ತಿದ್ದುವು. ಒಬ್ಬರು ಕುಮಾರವ್ಯಾಸನ ಭಾರತವನ್ನು ರಾಗವಾಗಿ ಓದಿ, ಮತ್ತೊಬ್ಬರು ಅರ್ಥ ಹೇಳಿದರೆ, ಅಕ್ಷರ ಬಾರದವರೂ ಅದನ್ನು ತಮ್ಮದಾಗಿ ಮಾಡಿಕೊಳ್ಳುತ್ತಿದ್ದರು. ಓದು ನಿಂತ ಮನೆಯಲ್ಲಾದರೋ ಕಟ್ಟು ಅಟ್ಟವನ್ನೇರುತ್ತಿತ್ತು. ನವರಾತ್ರಿಯ ಸರಸ್ವತೀಪೂಜೆಗೆ ಕೆಳಗಿಳಿದು, ಅರಿಸಿನ ಕುಂಕುಮಗಳನ್ನು ಪಡೆದು, ಬಿಚ್ಚದೆಯೇ ಮರಳಿ ಮೇಲೇರುತ್ತಿತ್ತು. ಪೂಜೆಗೊಂಡ ಪುಸ್ತಕವೆಂದು ಗೆದ್ದಲು ಬಿಡುವುದುಂಟೆ?

ಹಾಗೆ ಎಷ್ಟು ಗ್ರಂಥಗಳು ಮಣ್ಣಾದುವೋ ಹೇಳುವವರಿಲ್ಲ. ಉಳಿದುದರ ಬೆಲೆಯನ್ನು ಮಾತ್ರ ಒಂದು ಸಂಗತಿಯಿಂದ ಅರಿಯಬಹುದು. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯಗ್ರಂಥಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಓಲೆಯ ಪ್ರತಿಯೊಂದನ್ನು ಒಪ್ಪಿಸಿದರು. ಗ್ರಂಥಲಿಪಿಯಲ್ಲಿದ್ದ ಆ ಓಲೆಗಳನ್ನು ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಲು, ಅದು ಬಹುಕಾಲದಿಂದ ಹೆಸರು ಮಾತ್ರ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು 1905ರಲ್ಲಿ ತಿಳಿದುಬಂದಿತು. 1909ರಲ್ಲಿ ಅದು ಅಚ್ಚಾಯಿತು. ಓದಿ ತಿಳಿಯಬಲ್ಲವರ ಕೈಗೆ ಬಂದುದರಿಂದಲೇ ಅದು ಲೋಕದ ಸ್ವತ್ತಾಯಿತು.

ಮುದ್ರಣದಿಂದ ಪುಸ್ತಕವು ಅಗ್ಗವಾಯಿತು. ಆದರೆ ಓದುವ ಅಭ್ಯಾಸವು ಯಂತ್ರದಿಂದ ಹುಟ್ಟುವುದಲ್ಲ. ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869–1942) ತಾವೇ ಕಾದಂಬರಿಗಳನ್ನು ಬರೆದು, ತಾವೇ ಅವುಗಳ ಹೊರೆ ಹೊತ್ತು, ಊರೂರು ತಿರುಗಿ ಮನೆಮನೆಗೆ ಮುಟ್ಟಿಸಿದರು. ಕೊಳ್ಳುವವರು ತಮ್ಮನ್ನು ಹುಡುಕಿಕೊಂಡು ಬರುವರೆಂದು ಅವರು ಕಾದು ಕುಳಿತವರಲ್ಲ.

ಇಂದು ಮನೆಯಲ್ಲಿ ಪುಸ್ತಕಗಳನ್ನು ಕೂಡಿಸುವವರು ಈ ಹಿಂದಿನವರಿಂದ ಕಲಿಯತಕ್ಕುದು ಅಲ್ಪವಲ್ಲ. ಇರುವ ಪುಸ್ತಕಗಳಿಗೊಂದು ಪಟ್ಟಿ, ಎರವು ಕೊಟ್ಟುದಕ್ಕೊಂದು ಲೆಕ್ಕ, ಮಕ್ಕಳ ಕೈಗೆಟಕುವ ಒಂದು ಹಲಗೆ, ಎಲ್ಲರೂ ಕೂಡಿ ಓದುವ ಒಂದು ಹೊತ್ತು, ಇಷ್ಟಿದ್ದರೆ ಹತ್ತು ಪುಸ್ತಕಗಳ ಮನೆಯೂ ಭಂಡಾರವೇ. ಇವಿಲ್ಲದಿದ್ದರೆ ಗಾಜಿನ ಕಪಾಟೂ ಹಳೆಯ ಅಟ್ಟವೇ ಸರಿ.