ಮನೆಗೆ ಬಂದ ಅಪು

ಸಿನಿಮಾ ನೋಡುವುದೆಂದರೆ ಬಹುಕಾಲ ‘ಹೋಗಿ’ ನೋಡುವುದೇ ಆಗಿತ್ತು. ಪೇಟೆಯ ಟಾಕೀಸಿಗೆ ಹೋಗಬೇಕು, ಇಲ್ಲವೇ ಜಾತ್ರೆಯ ಹೊತ್ತಿಗೆ ಊರಿಗೆ ಬರುವ ಟೂರಿಂಗ್ ಟಾಕೀಸಿನ ಡೇರೆಗೆ ಹೋಗಬೇಕು. ದೀಪ ಆರಿದ ಮೇಲೆ ಚಿತ್ರ ತನ್ನ ವೇಗದಲ್ಲಿ ಓಡುತ್ತದೆ. ನಡುವೆ ಒಂದು ಮಾತು ಕೇಳಿಸಲಿಲ್ಲವೆಂದರೆ ಕೇಳಿಸಲಿಲ್ಲ, ಅಷ್ಟೆ. ಪುಸ್ತಕದ ಹಾಳೆಯ ಹಾಗೆ ಅದನ್ನು ಹಿಂದಕ್ಕೆ ಮಗುಚುವಂತಿಲ್ಲ. ವಾರ ಕಳೆದು ಪೋಸ್ಟರು ಬದಲಾದರೆ ಚಿತ್ರ ಊರು ಬಿಟ್ಟಿತೆಂದು ಅರ್ಥ. ಆಮೇಲೆ ಅದು ಉಳಿಯುತ್ತಿದ್ದುದು ನೋಡಿದವರ ನೆನಪಿನಲ್ಲಿ ಮತ್ತು ಪೈಸೆಗೆ ಸಿಗುತ್ತಿದ್ದ ಪದ್ಯಾವಳಿಗಳಲ್ಲಿ.

ಇಂದು ಹಳೆಯ ಶ್ರೇಷ್ಠ ಚಿತ್ರಗಳನ್ನು ಮನೆಯಲ್ಲಿ ಕೂತು ನೋಡುವ ನಾವು ಈ ಬದಲಾವಣೆಯನ್ನು ಬರೀ ಅನುಕೂಲವೆಂದು ಭಾವಿಸುತ್ತೇವೆ. ನನಗೆ ಅದು ಅದಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಮನೆಗೆ ಬಂದ ಸಿನಿಮಾ ಪುಸ್ತಕದ ಜಾತಿಗೆ ಸೇರಿತು. ತೆಗೆದು ನೋಡಬಹುದು, ನಿಲ್ಲಿಸಬಹುದು, ಅಂಚಿನಲ್ಲಿ ಟಿಪ್ಪಣಿ ಬರೆಯಬಹುದು, ಹತ್ತು ವರ್ಷದ ನಂತರ ಬೇರೆಯವರಾಗಿ ಮತ್ತೆ ಓದಬಹುದು. ಆದರೆ ಪುಸ್ತಕಕ್ಕಿಲ್ಲದ ಒಂದು ಅಪಾಯ ಅದರ ಬೆನ್ನಿಗಿದೆ. ನಮ್ಮ ಕೈಗೆ ಬರುವ ಡಿಸ್ಕು ಯಾರೋ ಎಲ್ಲೋ ಜತನವಾಗಿಟ್ಟ ಒಂದು ಪ್ರತಿಯ ನೆರಳು. ಅವರು ಇಡದಿದ್ದರೆ ನಮಗೆ ನೋಡಲು ಏನೂ ಇಲ್ಲ.

ಚಿತ್ರ ಕೈಗೆ ಸಿಗದ ಕಾಲದಲ್ಲಿ ಸಿನಿಮಾ ಪುಸ್ತಕಗಳು ಹೇಗಿದ್ದವೆಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1962ರ ಆಗಸ್ಟಿನಲ್ಲಿ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರೂಫೋ ಹಾಲಿವುಡ್‌ಗೆ ಹೋಗಿ ಆಲ್ಫ್ರೆಡ್ ಹಿಚ್‌ಕಾಕ್ ಜೊತೆ ದಿನಗಟ್ಟಲೆ ಕೂತು, ಅವರ ಒಂದೊಂದು ಚಿತ್ರದ ಬಗ್ಗೆಯೂ ಪ್ರಶ್ನೆ ಕೇಳಿದರು. ನಡುವೆ ದುಭಾಷಿಯಾಗಿ ಹೆಲೆನ್ ಸ್ಕಾಟ್ ಇದ್ದರು. 1966ರಲ್ಲಿ ಆ ಮಾತುಕತೆ ಪುಸ್ತಕವಾಯಿತು. ಅದರಲ್ಲಿ ಕೆಲವು ದೃಶ್ಯಗಳ ಚಿತ್ರಪಟಗಳನ್ನು ಸಾಲಾಗಿ ಅಚ್ಚು ಹಾಕಿದ್ದಾರೆ. ಓದುಗನ ಬಳಿ ಚಿತ್ರ ಇಲ್ಲ, ಸದ್ಯಕ್ಕೆ ಸಿಗುವುದೂ ಇಲ್ಲ. ಹಾಗಾಗಿ ಪುಸ್ತಕವೇ ಪರದೆಯ ಕೆಲಸವನ್ನೂ ಮಾಡಬೇಕಿತ್ತು. ನಮ್ಮಲ್ಲಿ 1970ರ ದಶಕದಲ್ಲಿ ಕೆ. ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿ, ಜಗತ್ತಿನ ಒಳ್ಳೆಯ ಚಿತ್ರಗಳನ್ನು ಅಡಿಕೆ ತೋಟಗಳ ನಡುವೆ ತೋರಿಸಿದರು. ಅಲ್ಲಿಯೂ ರೀಲಿನ ಡಬ್ಬಿ ಬರಬೇಕು, ತೋರಿಸಬೇಕು, ವಾಪಸು ಹೋಗಬೇಕು. ಉಳಿಯುತ್ತಿದ್ದುದು ಚರ್ಚೆ.

ಚಿತ್ರ ಮನೆ ಹೊಕ್ಕದ್ದು ಟೇಪಿನ ಮೂಲಕ. 1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, 1976ರಲ್ಲಿ ಜೆವಿಸಿಯ ವಿಎಚ್‌ಎಸ್ ಬಂದವು. ಟಿವಿಯಲ್ಲಿ ಬರುವ ಚಿತ್ರವನ್ನು ಜನ ಮನೆಯಲ್ಲೇ ಮುದ್ರಿಸಿಕೊಳ್ಳುವುದು ಕಳ್ಳತನವೆಂದು ಹಾಲಿವುಡ್ಡಿನ ಯೂನಿವರ್ಸಲ್, ಡಿಸ್ನಿ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. 1984ರ ಜನವರಿ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ಐದು ಮತ್ತು ನಾಲ್ಕರ ಅಂತರದಲ್ಲಿ ತೀರ್ಪು ಕೊಟ್ಟಿತು: ಆಮೇಲೆ ನೋಡಲೆಂದು ಮನೆಯಲ್ಲಿ ಮುದ್ರಿಸಿಕೊಳ್ಳುವುದು ತಪ್ಪಲ್ಲ. ಒಬ್ಬ ನ್ಯಾಯಮೂರ್ತಿಯ ಮನಸ್ಸು ಆ ಕಡೆ ವಾಲಿದ್ದರೆ ಮನೆಯಲ್ಲಿ ಸಿನಿಮಾ ಇಟ್ಟುಕೊಳ್ಳುವ ಚರಿತ್ರೆ ಬೇರೆಯದೇ ಆಗಿರುತ್ತಿತ್ತು.

ಅದೇ 1984ರಲ್ಲಿ ಇನ್ನೊಂದು ಸಣ್ಣ ಘಟನೆ ನಡೆಯಿತು. ಕ್ರೈಟೀರಿಯನ್ ಎಂಬ ಅಮೆರಿಕದ ಸಂಸ್ಥೆ ‘ಸಿಟಿಜನ್ ಕೇನ್’ ಮತ್ತು ‘ಕಿಂಗ್ ಕಾಂಗ್’ ಚಿತ್ರಗಳನ್ನು ಲೇಸರ್ ಡಿಸ್ಕಿನಲ್ಲಿ ಹೊರತಂದಿತು. ಊಟದ ತಟ್ಟೆಗಿಂತ ದೊಡ್ಡದಾದ, ಹೊಳೆಯುವ ತಟ್ಟೆ ಅದು. ಅದರ ಒಂದು ಬಗೆಯಲ್ಲಿ ಪ್ರತಿಯೊಂದು ಫ್ರೇಮಿಗೂ ಪುಟಸಂಖ್ಯೆಯಂತೆ ಒಂದು ಸಂಖ್ಯೆ. ಬೇಕಾದ ಕಡೆ ನಿಲ್ಲಿಸಿದರೆ ಚಿತ್ರ ನಡುಗದೆ ನಿಲ್ಲುತ್ತಿತ್ತು. ಡಿಸ್ಕಿನಲ್ಲಿ ಎರಡು ಧ್ವನಿಪಥಗಳಿದ್ದವು. ಹಳೆಯ ಚಿತ್ರಕ್ಕೆ ಒಂದೇ ಸಾಕು. ಖಾಲಿ ಉಳಿದ ಇನ್ನೊಂದರಲ್ಲಿ ರೊನಾಲ್ಡ್ ಹೇವರ್ ಎಂಬ ಸಿನಿಮಾ ಇತಿಹಾಸಕಾರರು ‘ಕಿಂಗ್ ಕಾಂಗ್’ ಓಡುತ್ತಿರುವಾಗಲೇ ಅದನ್ನು ಹೇಗೆ ಮಾಡಿದರೆಂದು ಹೇಳುತ್ತಾ ಹೋದರು. ಡಿಸ್ಕಿನ ‘ಕಾಮೆಂಟರಿ’ ಹುಟ್ಟಿದ್ದು ಹೀಗೆ. ಗಮಕಿ ಪದ್ಯ ಹಾಡುವಾಗ ಪಕ್ಕದಲ್ಲಿ ವ್ಯಾಖ್ಯಾನಕಾರರು ಅರ್ಥ ಬಿಡಿಸುವುದನ್ನು ಕೇಳಿ ಬೆಳೆದ ನಮಗೆ ಇದು ಹೊಸತೆನಿಸಬಾರದು.

ನಮ್ಮ ಮನೆಗಳಿಗೆ ಲೇಸರ್ ಡಿಸ್ಕು ಬರಲಿಲ್ಲ. ಮೊದಲು ಬಾಡಿಗೆಯ ವಿಸಿಆರ್ ಬಂತು, ಆಮೇಲೆ ವಿಸಿಡಿ. ಒಂದು ವಿಸಿಡಿಯಲ್ಲಿ ಹಿಡಿಯುತ್ತಿದ್ದುದು ಸುಮಾರು 74 ನಿಮಿಷ. ಹಾಗಾಗಿ ಒಂದು ಚಿತ್ರಕ್ಕೆ ಎರಡೋ ಮೂರೋ ಡಿಸ್ಕು, ಹೊಸದಾಗಿ ಹುಟ್ಟಿಕೊಂಡ ಒಂದೆರಡು ಇಂಟರ್‌ವಲ್ಲು. ‘ಪಥೇರ್ ಪಾಂಚಾಲಿ’ಯನ್ನು ನಾನು ಮೊದಲು ನೋಡಿದ್ದು ಅಂಥದೇ ಒಂದು ಅಗ್ಗದ ಡಿಸ್ಕಿನಲ್ಲಿ. ಚಿತ್ರದ ಮೇಲೆಲ್ಲ ಗೀರು, ಕತ್ತಲೆಯ ಕಡೆ ಬರೀ ಮಸಿ. ಮುದುಕಿ ಇಂದಿರ್ ಠಾಕುರಾಣಿಯ ಬಿಳಿ ಸೀರೆಯ ಮೇಲೆ ಸಬ್‌ಟೈಟಲ್ಲಿನ ಬಿಳಿ ಅಕ್ಷರಗಳು ಬಂದಾಗಲೆಲ್ಲ ಮಾತು ಅಳಿಸಿಹೋಗುತ್ತಿತ್ತು. ಆದರೂ ಚಿತ್ರ ಮನಸ್ಸಿನಲ್ಲಿ ಕೂತಿತು. ವರ್ಷಗಳ ನಂತರ ಹೊಸ ಬ್ಲೂ-ರೇ ಪ್ರತಿ ನೋಡಿದಾಗ ಆ ಮುದುಕಿಯ ಸುಕ್ಕುಗಳ ನಡುವೆ ಬೆಳಕು ಹರಿದಾಡುವುದು ಕಂಡಿತು. ಇಷ್ಟು ಅಂತರ ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ಬೆಂಕಿಯ ಕಥೆ.

ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದಲ್ಲಿ ‘ಪಥೇರ್ ಪಾಂಚಾಲಿ’ 1955ರದು, ‘ಅಪರಾಜಿತೋ’ 1956ರದು, ‘ಅಪುರ್ ಸಂಸಾರ್’ 1959ರದು. 1992ರಲ್ಲಿ ರಾಯ್ ಅವರಿಗೆ ಗೌರವ ಆಸ್ಕರ್ ಬಂತು. ಕಲ್ಕತ್ತೆಯ ಆಸ್ಪತ್ರೆಯ ಹಾಸಿಗೆಯಲ್ಲೇ ಅದನ್ನು ಸ್ವೀಕರಿಸಿದ ಅವರು ಏಪ್ರಿಲ್ 23ರಂದು ತೀರಿಕೊಂಡರು. ಅವರ ಚಿತ್ರಗಳನ್ನು ಉಳಿಸುವ ಪ್ರಯತ್ನ ಶುರುವಾಗಿ ಮೂಲ ನೆಗೆಟಿವ್‌ಗಳು ಲಂಡನ್ನಿನ ಹೆಂಡರ್ಸನ್ ಪ್ರಯೋಗಾಲಯ ಸೇರಿದ್ದವು. 1993ರ ಜುಲೈಯಲ್ಲಿ ಅಲ್ಲಿ ಬೆಂಕಿ ಬಿತ್ತು. ಉಳಿಸಲೆಂದು ಒಯ್ದದ್ದೇ ಬೆಂಕಿಗೆ ಸಿಕ್ಕಿತು.

ಉಳಿದದ್ದು ಕರಗಿ ಅಂಟಿಕೊಂಡ, ಅಂಚು ಸುಟ್ಟ ಸುರುಳಿಗಳು. ಯಾವ ಪ್ರಯೋಗಾಲಯವೂ ಅವುಗಳಿಂದ ಏನೂ ಮಾಡಲಾಗದ ಕಾಲ ಅದು. ಆಸ್ಕರ್ ಕೊಡುವ ಅಕಾಡೆಮಿಯ ಚಿತ್ರಸಂಗ್ರಹಾಲಯ ಮಾತ್ರ ಅವನ್ನು ಕಸಕ್ಕೆ ಹಾಕದೆ ತಂದಿಟ್ಟುಕೊಂಡಿತು. ಆ ಡಬ್ಬಿಗಳು ಸುಮಾರು ಇಪ್ಪತ್ತು ವರ್ಷ ಕಪಾಟಿನಲ್ಲಿ ಕೂತವು. 2013ರ ಹೊತ್ತಿಗೆ ಕ್ರೈಟೀರಿಯನ್ ಆ ಕೆಲಸಕ್ಕೆ ಕೈ ಹಾಕಿತು. ಇಟಲಿಯ ಬೊಲೊನ್ಯಾ ನಗರದ ಲಿಮಾಜಿನೆ ರಿತ್ರೊವಾತಾ ಪ್ರಯೋಗಾಲಯದವರು ಒಣಗಿ ಸೆಟೆದ ಫಿಲ್ಮಿಗೆ ದ್ರಾವಣದಿಂದ ಮೆದುತನ ತಂದು, ಅಂಟು ಬಿಡಿಸಿ, ಹರಿದ ರಂಧ್ರಗಳನ್ನು ಕೈಯಿಂದಲೇ ದುರಸ್ತಿ ಮಾಡಿದರು. ‘ಪಥೇರ್ ಪಾಂಚಾಲಿ’ಯ ನೆಗೆಟಿವ್‌ನಲ್ಲಿ ಸುಮಾರು 40 ಪ್ರತಿಶತ, ‘ಅಪರಾಜಿತೋ’ದಲ್ಲಿ 60 ಪ್ರತಿಶತಕ್ಕೂ ಹೆಚ್ಚು ಭಾಗ ಬಳಕೆಗೆ ಬಂತು. ‘ಅಪುರ್ ಸಂಸಾರ್’ನದು ಪೂರಾ ಕೈಬಿಟ್ಟಿತು. ಉಳಿದುದನ್ನೆಲ್ಲ ಬೇರೆ ಬೇರೆ ಕಡೆ ಇದ್ದ ನಕಲು ಪ್ರತಿಗಳಿಂದ ತುಂಬಿಸಿದರು. 2015ರ ಮೇ ತಿಂಗಳಲ್ಲಿ ಮೂರೂ ಚಿತ್ರಗಳು ನ್ಯೂಯಾರ್ಕಿನಲ್ಲಿ ಪರದೆಯ ಮೇಲೆ ಬಂದವು. ಅದೇ ವರ್ಷ ಡಿಸ್ಕುಗಳಾದವು. ನಾನು ನೋಡಿದ್ದು ಆ ಪ್ರತಿ.

ಒಳ್ಳೆಯ ಪ್ರತಿ ಸಿಕ್ಕ ಮೇಲೆ ಪುಸ್ತಕದ ಕೆಲಸ ಶುರುವಾಗುತ್ತದೆ. ಅಪು, ದುರ್ಗಾ ಬಿಳಿ ಕಾಶ ಹೂಗಳ ಬಯಲಿನಲ್ಲಿ ಓಡಿ ರೈಲು ನೋಡುವ ದೃಶ್ಯ ಎಲ್ಲರಿಗೂ ಗೊತ್ತು. ರಾಯ್ ಚಿತ್ರೀಕರಣ ಆರಂಭಿಸಿದ್ದು ಆ ದೃಶ್ಯದಿಂದಲೇ, 1952ರ ಅಕ್ಟೋಬರಿನಲ್ಲಿ. ಒಂದು ದಿನದ ಕೆಲಸ ಮುಗಿಸಿ ಮುಂದಿನ ವಾರ ಹೋದರೆ ಹೂವೇ ಇಲ್ಲ, ದನಗಳು ಮೇದುಬಿಟ್ಟಿದ್ದವು. ಮತ್ತೆ ಹೂ ಬಿಡಲು ಮುಂದಿನ ಋತುವಿನವರೆಗೆ ಕಾಯಬೇಕಾಯಿತು. ಇದನ್ನು ರಾಯ್ ತಮ್ಮ ಒಂದು ಪ್ರಬಂಧದಲ್ಲಿ ಬರೆದಿದ್ದಾರೆ. ಅದು 1976ರಲ್ಲಿ ಬಂದ ‘ಅವರ್ ಫಿಲ್ಮ್ಸ್, ದೇರ್ ಫಿಲ್ಮ್ಸ್’ ಸಂಕಲನದಲ್ಲಿದೆ. ಮಕ್ಕಳಿಗಾಗಿ ಅವರು ಬಂಗಾಳಿಯಲ್ಲಿ ಬರೆದ ‘ಏಕೇಯಿ ಬಲೇ ಶೂಟಿಂಗ್’ ಪುಸ್ತಕದಲ್ಲಿ ಇನ್ನೊಂದು ಸಂಗತಿ ಇದೆ. ಮಿಠಾಯಿ ಮಾರುವವನ ಪಾತ್ರ ಮಾಡಿದಾತ ಅರ್ಧದಲ್ಲೇ ತೀರಿಕೊಂಡಾಗ, ಅದೇ ಮೈಕಟ್ಟಿನ ಇನ್ನೊಬ್ಬರನ್ನು ಬೆನ್ನು ತಿರುಗಿಸಿ ನಡೆಸಿ ದೃಶ್ಯ ಮುಗಿಸಿದರು. ಮಕ್ಕಳ ಹಿಂದೆ ಓಡುವ ನಾಯಿಯೂ ಸತ್ತು, ಅದನ್ನೇ ಹೋಲುವ ಬೇರೊಂದು ನಾಯಿ ಬಂತು.

ಇದನ್ನು ಓದಿದ ಮೇಲೆ ನಾನು ಡಿಸ್ಕನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಆ ಬೆನ್ನನ್ನು ಹುಡುಕಿದೆ. ಹೀಗೆ ಹುಡುಕಿದರೆ ಚಿತ್ರದ ಮಾಯೆ ಒಡೆದುಹೋಗುತ್ತದೆಂದು ಸ್ನೇಹಿತರು ಹೇಳುವುದುಂಟು. ನನಗೆ ಹಾಗೆನಿಸಲಿಲ್ಲ. ದುಡ್ಡು ಖಾಲಿಯಾಗಿ, ಕೆಲಸ ನಿಂತು, ಮತ್ತೆ ಶುರುವಾಗಿ ಮುಗಿಯಲು ಎರಡೂವರೆ ವರ್ಷ ಹಿಡಿದ ಚಿತ್ರ ಅದು. ಆ ಬಡತನದ ನಡುವೆ ಒಂದು ಮೆರವಣಿಗೆ ಇಷ್ಟು ಹಗುರವಾಗಿ ಸಾಗುತ್ತದಲ್ಲ ಎಂಬ ಬೆರಗು ನನಗೆ ಹುಟ್ಟಿದ್ದು ಹೊಲಿಗೆ ಎಲ್ಲಿದೆಯೆಂದು ತಿಳಿದ ಮೇಲೆ.

ಡಿಸ್ಕು ಮತ್ತು ಪುಸ್ತಕದ ಜೊತೆಗೆ ಮೂರನೆಯದು ಧ್ವನಿ. ಅಪು ಚಿತ್ರಗಳ ಆ ಡಿಸ್ಕಿನಲ್ಲೇ 1958ರ ಧ್ವನಿಮುದ್ರಣವಿದೆ: ರಾಯ್ ತಮ್ಮ ಆ ಪ್ರಬಂಧವನ್ನು ತಾವೇ ಓದುತ್ತಾರೆ, ಗಿಡಿಯನ್ ಬಾಕ್‌ಮನ್ ಜೊತೆ ಮಾತಾಡುತ್ತಾರೆ. ಇಂದಿನ ಪಾಡ್‌ಕಾಸ್ಟಿನ ಹಿರಿಯರು ಇಂಥ ಮಾತುಕತೆಗಳೇ. ತ್ರೂಫೋ–ಹಿಚ್‌ಕಾಕ್ ಟೇಪುಗಳೂ ಈಗ ಕೇಳಸಿಗುತ್ತವೆ. ಪುಸ್ತಕದಲ್ಲಿ ಇಸ್ತ್ರಿ ಮಾಡಿದಂತೆ ಕಾಣುವ ಉತ್ತರಗಳ ಹಿಂದೆ ನಗು, ದುಭಾಷಿಯ ಅವಸರ ಎಲ್ಲ ಕೇಳಿಸುತ್ತದೆ. ಕರೀನಾ ಲಾಂಗ್‌ವರ್ತ್ 2014ರಲ್ಲಿ ಆರಂಭಿಸಿದ ‘ಯೂ ಮಸ್ಟ್ ರಿಮೆಂಬರ್ ದಿಸ್’ ಎಂಬ ಪಾಡ್‌ಕಾಸ್ಟು ಹಳೆಯ ಹಾಲಿವುಡ್ಡಿನ ಚರಿತ್ರೆಯನ್ನು ಕಂತು ಕಂತಾಗಿ ಹೇಳುತ್ತದೆ. 2018ರಲ್ಲಿ ಅವರು ‘ಹಾಲಿವುಡ್ ಬ್ಯಾಬಿಲಾನ್’ ಎಂಬ ಹೆಸರಾಂತ ಗಾಳಿಸುದ್ದಿಯ ಪುಸ್ತಕವನ್ನು ಎತ್ತಿಕೊಂಡು, ಅದರ ಕಥೆಗಳಲ್ಲಿ ನಿಜವೆಷ್ಟು, ಕಟ್ಟುಕಥೆಯೆಷ್ಟು ಎಂದು ಒಂದೊಂದಾಗಿ ಪರೀಕ್ಷಿಸಿದರು. ಪುಸ್ತಕ ಚಿತ್ರವನ್ನು ತಿದ್ದುತ್ತದೆ, ಧ್ವನಿ ಪುಸ್ತಕವನ್ನು ತಿದ್ದುತ್ತದೆ. ಮೂರೂ ಮನೆಯಲ್ಲಿದ್ದರೆ ಒಬ್ಬ ವಿದ್ಯಾರ್ಥಿಗೆ ಒಂದು ಸಣ್ಣ ಪಾಠಶಾಲೆಯೇ ಸಿಕ್ಕಂತೆ.

ಈ ಪಾಠಶಾಲೆಯಲ್ಲಿ ಕನ್ನಡ ಚಿತ್ರಗಳ ಕಪಾಟು ಹೇಗಿದೆ? ಈಚೆಗೆ ಒಂದು ಸಂತೋಷದ ಸುದ್ದಿ ಬಂತು. ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ ಅದೇ ಬೊಲೊನ್ಯಾ ಪ್ರಯೋಗಾಲಯದಲ್ಲಿ ಹೊಸ ಜೀವ ಪಡೆದು 2024ರ ವೆನಿಸ್ ಚಿತ್ರೋತ್ಸವದಲ್ಲಿ ಕ್ಲಾಸಿಕ್ ಚಿತ್ರಗಳ ಸಾಲಿನಲ್ಲಿ ತೆರೆಕಂಡಿತು. ಅದು ಸಾಧ್ಯವಾದದ್ದು ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಿತ್ರಸಂಗ್ರಹಾಲಯದಲ್ಲಿ ಇದ್ದುದರಿಂದ. 1964ರಲ್ಲಿ ಶುರುವಾದ ಆ ಸಂಗ್ರಹಾಲಯಕ್ಕಾಗಿ ಪಿ. ಕೆ. ನಾಯರ್ ದೇಶವಿಡೀ ಅಲೆದು ಡಬ್ಬಿಗಳನ್ನು ಹೊತ್ತು ತಂದರು. 1991ರಲ್ಲಿ ನಿವೃತ್ತರಾಗುವವರೆಗೂ ಅದೇ ಅವರ ಬದುಕಾಗಿತ್ತು.

ಆದರೆ ಕಪಾಟಿನ ಮೊದಲ ಜಾಗವೇ ಖಾಲಿ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ವೈ. ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಅಭಿನಯ, ಚಿತ್ರೀಕರಣ ಕೊಲ್ಲಾಪುರದಲ್ಲಿ. ಪರದೆಯ ಮೇಲೆ ಕನ್ನಡ ಮಾತಾಡಿದ್ದನ್ನು ಜನ ಮೊದಲು ಕೇಳಿದ್ದು ಅಂದು. ಅದರ ಒಂದು ಪ್ರತಿಯೂ ಉಳಿದಿಲ್ಲ. ನಾಯರ್ ಅಂಥವರು ಅಲೆಯಲು ಹೊರಡುವ ಹೊತ್ತಿಗೆ ಅದಕ್ಕೆ ಮೂವತ್ತು ವರ್ಷವಾಗಿತ್ತು. ಇವತ್ತು ಆ ಚಿತ್ರದ ಬಗ್ಗೆ ನಾವು ಏನು ಹೇಳಿದರೂ ಅದು ಬರೆದಿಟ್ಟ ಮಾತುಗಳಿಂದ, ಕೆಲವು ಛಾಯಾಚಿತ್ರಗಳಿಂದ ಎತ್ತಿಕೊಂಡದ್ದು. ಎಷ್ಟು ಒಳ್ಳೆಯ ಟಿವಿ ತಂದು ಮನೆಯಲ್ಲಿಟ್ಟರೂ ಆ ದನಿ ಕೇಳಿಸದು.

ಹೀಗಾಗಿಯೇ ಹಳೆಯ ಚಿತ್ರಗಳ ಡಿಸ್ಕು, ಪುಸ್ತಕಗಳನ್ನು ಕೂಡಿಡುವವರನ್ನು ಕಂಡರೆ ನನಗೆ ಗೌರವ. ಆನ್‌ಲೈನ್ ವೇದಿಕೆಯಲ್ಲಿ ಇಂದು ಇರುವ ಚಿತ್ರ ಒಪ್ಪಂದ ಮುಗಿದ ದಿನ ಹೇಳದೆ ಕೇಳದೆ ಇಳಿದುಹೋಗುತ್ತದೆ. ಹಳೆಯ ಟಾಕೀಸಿನ ಪೋಸ್ಟರಿನ ಹಾಗೆಯೇ. ನೆಗೆಟಿವ್ ಉಳಿಸುವುದು ದೊಡ್ಡ ಸಂಸ್ಥೆಗಳ ಕೆಲಸ, ಅದು ನಮ್ಮ ಕೈಲಾಗದು. ಆದರೆ ಚಿತ್ರದ ಸುತ್ತಲಿನ ಮಾತನ್ನು ಉಳಿಸಲು ಪ್ರಯೋಗಾಲಯ ಬೇಕಿಲ್ಲ. ಎಪ್ಪತ್ತರ ದಶಕದ ಕನ್ನಡ ಚಿತ್ರಗಳಿಗೆ ಬೆಳಕು ಹಿಡಿದವರು, ರೀಲು ಕತ್ತರಿಸಿದವರು, ಊರೂರಿಗೆ ಡಬ್ಬಿ ಹೊತ್ತು ಟೂರಿಂಗ್ ಟಾಕೀಸು ನಡೆಸಿದವರು ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಎದುರು ಒಂದು ಮಧ್ಯಾಹ್ನ ಮೊಬೈಲನ್ನು ಆನ್ ಮಾಡಿಟ್ಟು, ಆ ಹೂವಿನ ಬಯಲಿಗೆ ದನ ನುಗ್ಗಿದಾಗ ನೀವೇನು ಮಾಡಿದಿರಿ ಎಂಬಂಥ ಪ್ರಶ್ನೆಗಳನ್ನು ಕೇಳಬಹುದು. ‘ಸತಿ ಸುಲೋಚನ’ದ ವಿಷಯದಲ್ಲಿ ಹಾಗೆ ಕೇಳಬಹುದಾದ ಕೊನೆಯ ವ್ಯಕ್ತಿ ಯಾವತ್ತೋ ಹೊರಟುಹೋದರು. ಉಳಿದವುಗಳ ವಿಷಯದಲ್ಲಿ ಇನ್ನೂ ಸ್ವಲ್ಪ ಸಮಯವಿದೆ.