ಬೀಪ್ ಸದ್ದಿನ ಹಿಂದೆ ಓಡಿದವರು

ಇಪ್ಪತ್ತು ಮೀಟರ್ ಅಂತರದಲ್ಲಿ ಎರಡು ಸಾಲು ಕೋನ್‌ಗಳು, ಒಂದು ಸ್ಪೀಕರ್, ಅಂಕಿ ಬರೆದುಕೊಳ್ಳಲು ಒಬ್ಬ ಟ್ರೇನರ್. ಯೊ-ಯೊ ಟೆಸ್ಟ್‌ಗೆ ಇಷ್ಟಿದ್ದರೆ ಸಾಕು. ಬೀಪ್ ಕೇಳಿದೊಡನೆ ಆಟಗಾರ ಹೊರಡಬೇಕು, ಮುಂದಿನ ಬೀಪ್‌ಗೆ ಆಚೆ ಗೆರೆ ಮುಟ್ಟಿ ತಿರುಗಬೇಕು, ಅದರ ಮುಂದಿನದಕ್ಕೆ ಹೊರಟ ಜಾಗಕ್ಕೆ ಬಂದಿರಬೇಕು. ಆಮೇಲೆ 10 ಸೆಕೆಂಡ್ ಬಿಡುವು. ಅದೂ ನಿಂತು ಕಳೆಯುವುದಲ್ಲ. ಐದು ಮೀಟರ್ ಹಿಂದಿರುವ ಕೋನ್ ಸುತ್ತಿಕೊಂಡು ಬರಬೇಕು. ಗಂಟೆಗೆ 10 ಕಿ.ಮೀ. ವೇಗದಲ್ಲಿ ಸಲೀಸಾಗಿ ಶುರುವಾದ ಓಟ 16ನೇ ಹಂತಕ್ಕೆ ಬರುವಾಗ 15.5 ಕಿ.ಮೀ. ಆಗಿರುತ್ತದೆ. ಎರಡು ಸಲ ಬೀಪ್‌ಗಿಂತ ಹಿಂದೆ ಬಿದ್ದರೆ ಮುಗಿಯಿತು.

2018ರ ಜೂನ್‌ನಲ್ಲಿ ಈ ಗೆರೆಗಳ ನಡುವೆ ಭಾರತೀಯ ಕ್ರಿಕೆಟ್‌ನ ಮೂರು ಹೆಸರುಗಳು ಮುಗ್ಗರಿಸಿದವು. ಅಫ್ಗಾನಿಸ್ತಾನದ ಚೊಚ್ಚಲ ಟೆಸ್ಟ್‌ಗೆ ಬೆಂಗಳೂರು ಸಜ್ಜಾಗುತ್ತಿದ್ದಾಗ ಮೊಹಮ್ಮದ್ ಶಮಿ ಫೇಲಾಗಿ, ನವದೀಪ್ ಸೈನಿಗೆ ಕರೆ ಹೋಯಿತು. ಭಾರತ ‘ಎ’ ತಂಡದಿಂದ ಸಂಜು ಸ್ಯಾಮ್ಸನ್ ಹೊರಬಿದ್ದರು. ಆ ವರ್ಷದ ಐಪಿಎಲ್‌ನಲ್ಲಿ 602 ರನ್ ಬಾರಿಸಿ ಇಂಗ್ಲೆಂಡ್ ಪ್ರವಾಸಕ್ಕೆ ಆಯ್ಕೆಯಾಗಿದ್ದ ಅಂಬಟಿ ರಾಯುಡು ಕೂಡ ಬೆಂಗಳೂರಿನಲ್ಲೇ ಎಡವಿದರು. ಅವರ ಜಾಗಕ್ಕೆ ಸುರೇಶ್ ರೈನಾ ಬಂದರು. ಹಿಂದಿನ ವರ್ಷ ಇದೇ ಟೆಸ್ಟ್‌ನಲ್ಲಿ ಫೇಲಾಗಿ ತಂಡದ ಹೊರಗೆ ಉಳಿದಿದ್ದವರಲ್ಲಿ ರೈನಾ ಒಬ್ಬರು, ಯುವರಾಜ್ ಸಿಂಗ್ ಇನ್ನೊಬ್ಬರು. ಆಗ ಪಾಸಾಗಲು ಬೇಕಿದ್ದದ್ದು 16.1. ಬಿಡುವು ಬಿಟ್ಟು ಲೆಕ್ಕ ಹಾಕಿದರೆ 1,120 ಮೀಟರ್ ಓಟ.

ಈ ಓಟ ಹುಟ್ಟಿದ್ದು ಕ್ರಿಕೆಟ್‌ಗಾಗಿ ಅಲ್ಲ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಒಂದು ಸರಳ ದಾರಿ ತೋರಿಸಿದ್ದರು: ಪ್ರಯೋಗಾಲಯ, ಮಾಸ್ಕ್, ಟ್ರೆಡ್‌ಮಿಲ್ ಯಾವುದೂ ಬೇಡ, 12 ನಿಮಿಷದಲ್ಲಿ ಎಷ್ಟು ದೂರ ಓಡುತ್ತೀರಿ ಎಂದು ಅಳೆದರೆ ದೇಹ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಂದಾಜು ಸಿಗುತ್ತದೆ. ಎರಡೇ ವರ್ಷದಲ್ಲಿ ಬ್ರೆಜಿಲ್ ಫುಟ್‌ಬಾಲ್ ತಂಡದ ತರಬೇತುದಾರರು ಆ ವಿಧಾನವನ್ನು 1970ರ ವಿಶ್ವಕಪ್ ತಯಾರಿಗೆ ಬಳಸಿಕೊಂಡರು. 1980ರ ದಶಕದ ಆರಂಭದಲ್ಲಿ ಮಾಂಟ್ರಿಯಲ್‌ನ ಲುಕ್ ಲೆಜೆ ಓಟವನ್ನು 20 ಮೀಟರ್ ಗೆರೆಗಳೊಳಗೆ ತಂದು, ವೇಗ ನಿಗದಿ ಮಾಡುವ ಕೆಲಸವನ್ನು ಕ್ಯಾಸೆಟ್‌ನ ಬೀಪ್‌ಗೆ ಒಪ್ಪಿಸಿದರು. ಆದರೆ ಫುಟ್‌ಬಾಲ್ ಆಟಗಾರ ಒಂದೇ ಸಮನೆ ಓಡುವುದಿಲ್ಲ. ನುಗ್ಗುತ್ತಾನೆ, ನಡೆಯುತ್ತಾನೆ, ಮತ್ತೆ ನುಗ್ಗುತ್ತಾನೆ. ಡೆನ್ಮಾರ್ಕ್‌ನ ವಿಜ್ಞಾನಿ ಯೆನ್ಸ್ ಬಾಂಗ್ಸ್‌ಬೊ 1990ರ ದಶಕದಲ್ಲಿ ಬೀಪ್‌ಗಳ ನಡುವೆ ಆ 10 ಸೆಕೆಂಡ್ ಸೇರಿಸಿದ್ದು ಅದಕ್ಕೇ. ದಣಿದವನು ಎಷ್ಟು ಬೇಗ ಸುಧಾರಿಸಿಕೊಳ್ಳುತ್ತಾನೆ ಎಂಬುದೇ ಯೊ-ಯೊ ಕೇಳುವ ಪ್ರಶ್ನೆ.

ಭಾರತದಲ್ಲಿ ಅದು ಮನೆಮಾತಾದದ್ದು 2017ರಲ್ಲಿ, ಶಂಕರ್ ಬಸು ಟ್ರೇನರ್ ಆಗಿದ್ದಾಗ, ವಿರಾಟ್ ಕೊಹ್ಲಿ ಬೆಂಬಲದೊಂದಿಗೆ. ತಂಡದ ಫೀಲ್ಡಿಂಗ್ ಚುರುಕಾಯಿತು, ಬೌಲರ್‌ಗಳು ದಿನದ ಕೊನೆಯ ಸ್ಪೆಲ್‌ನಲ್ಲೂ ಬಿರುಸು ಉಳಿಸಿಕೊಂಡರು. ಇದರ ಶ್ರೇಯದಲ್ಲಿ ಈ ಶಿಸ್ತಿಗೂ ಪಾಲಿದೆ, ಅಲ್ಲಗಳೆಯುವಂತಿಲ್ಲ. ತೊಂದರೆ ಶುರುವಾದದ್ದು ಟ್ರೇನರ್‌ನ ಪುಸ್ತಕದಲ್ಲಿ ಇರಬೇಕಾದ ಅಂಕಿ ಆಯ್ಕೆಯ ಬಾಗಿಲಿಗೆ ಬಂದು ನಿಂತಾಗ. ಯೊ-ಯೊ ಒಂದೇ ಮಾನದಂಡ ಆಗಬಾರದು ಎಂದು ಸಚಿನ್ ತೆಂಡೂಲ್ಕರ್ 2018ರಲ್ಲೇ ಹೇಳಿದರು. ಶಮಿಯನ್ನೇ ನೋಡಿ. ಜೂನ್‌ನಲ್ಲಿ ಒಂದು ಟೆಸ್ಟ್‌ಗೂ ಫಿಟ್ ಅಲ್ಲ ಎನಿಸಿಕೊಂಡವರು ಮುಂದಿನ ಕೆಲವೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಐದೂ ಟೆಸ್ಟ್ ಆಡಿ 16 ವಿಕೆಟ್ ಕಿತ್ತರು. ಆ ಜೂನ್‌ನ ಅಂಕಿ ಸುಳ್ಳಾಗಿರಲಿಕ್ಕಿಲ್ಲ. ಅದು ಆ ದಿನದ ದೇಹದ ಸ್ಥಿತಿ ಹೇಳಿತು, ಅಷ್ಟೇ. ಏನು ಸರಿಪಡಿಸಬೇಕು ಎಂದು ತೋರಿಸುವುದು ಅದರ ಕೆಲಸವಾಗಿತ್ತು.

ಯುವರಾಜ್ ಕತೆ ಇನ್ನೂ ಕಹಿ. ಫೇಲಾದರೆ ವಿದಾಯದ ಪಂದ್ಯ ಆಡಿಸುತ್ತೇವೆ ಎಂಬ ಮಾತು ಬಂದಿತ್ತು, ಅಂಥ ಪಂದ್ಯ ಬೇಡ ಎಂದೆ, ಟೆಸ್ಟ್ ಪಾಸೂ ಆದೆ ಎಂದು 2019ರಲ್ಲಿ ನಿವೃತ್ತಿ ಘೋಷಿಸಿದ ದಿನ ಅವರು ಹೇಳಿಕೊಂಡರು. ಭಾರತಕ್ಕೆ ಅವರು ಮತ್ತೆ ಆಡಲೇ ಇಲ್ಲ.

ಹಾಕಿ ಅಂಗಳದಲ್ಲಿ ಇದೇ ಪಾಠದ ಇನ್ನೊಂದು ಮಗ್ಗುಲು ಕಂಡಿತು. 2018ರಲ್ಲಿ ಸರ್ದಾರ್ ಸಿಂಗ್ ತಮ್ಮ ಯೊ-ಯೊ ಅಂಕ 21.4 ಎಂದರು. ಕ್ರಿಕೆಟ್‌ನ 16.1 ಅದರ ಪಕ್ಕದಲ್ಲಿ ತೀರಾ ಸಪ್ಪೆ. ಆದರೂ ಆ ವರ್ಷದ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಅವರಿಗೆ ಜಾಗವಿರಲಿಲ್ಲ. ಏಷ್ಯನ್ ಗೇಮ್ಸ್‌ಗೆ ಮರಳಿ ಬಂದರು, ಕಂಚು ಗೆದ್ದ ತಂಡದಲ್ಲಿದ್ದರು. ಮುಂದಿನ ಶಿಬಿರದ ಪಟ್ಟಿಯಲ್ಲಿ ಮತ್ತೆ ಹೆಸರಿಲ್ಲ. 32ರ ಹರೆಯದಲ್ಲಿ ಸ್ಟಿಕ್ ಕೆಳಗಿಟ್ಟರು.

ಕ್ರಿಕೆಟ್ ಮಂಡಳಿ ಆಮೇಲೆ ಅಳತೆಗೋಲನ್ನು ಹಲವು ಸಲ ತಿದ್ದಿತು. 2021ರಲ್ಲಿ ಎರಡು ಕಿ.ಮೀ. ಓಟ ಸೇರಿಕೊಂಡಿತು: ವೇಗದ ಬೌಲರ್‌ಗಳಿಗೆ 8 ನಿಮಿಷ 15 ಸೆಕೆಂಡ್, ಉಳಿದವರಿಗೆ ಎಂಟೂವರೆ ನಿಮಿಷ. 2023ರಲ್ಲಿ ಮೂಳೆಯ ಸಾಂದ್ರತೆ, ದೇಹದ ಕೊಬ್ಬು ಅಳೆಯುವ ಡೆಕ್ಸಾ ಸ್ಕ್ಯಾನ್ ಬಂತು. ಅದೇ ಆಗಸ್ಟ್‌ನಲ್ಲಿ ಬೆಂಗಳೂರು ಹೊರವಲಯದ ಆಲೂರಿನ ಶಿಬಿರದಿಂದ ಕೊಹ್ಲಿ ತಮ್ಮ 17.2 ಅಂಕವನ್ನು ಖುಷಿಯಿಂದ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದಾಗ, ಇಂಥ ವಿವರ ಹೊರಗೆ ಹಂಚಿಕೊಳ್ಳಬೇಡಿ ಎಂಬ ಸೂಚನೆ ಆಟಗಾರರಿಗೆ ಹೋಯಿತು. ಐದು ವರ್ಷ ಮೊದಲು ರಾಯುಡು, ಸ್ಯಾಮ್ಸನ್ ಇಬ್ಬರ ಫೇಲಿನ ಬಗ್ಗೆಯೂ ಊರೆಲ್ಲ ಮಾತಾಡಿತ್ತು.

2025ರಲ್ಲಿ ಟ್ರೇನರ್ ಆಗಿ ಮರಳಿದ ದಕ್ಷಿಣ ಆಫ್ರಿಕಾದ ಆಡ್ರಿಯನ್ ಲೆ ರೂ, 2003ರ ವಿಶ್ವಕಪ್ ಕಾಲದಲ್ಲೂ ಭಾರತ ತಂಡದೊಡನೆ ಇದ್ದವರು. ಅವರ ಜೊತೆ ರಗ್ಬಿಯ ಬ್ರಾಂಕೊ ಟೆಸ್ಟ್ ಬಂತು: 20, 40, 60 ಮೀಟರ್ ಹೋಗಿ ಬರುವ ಓಟ, ಐದು ಸುತ್ತು, ಒಟ್ಟು 1,200 ಮೀಟರ್, ನಡುವೆ ಬಿಡುವೇ ಇಲ್ಲ. ವೇಗದ ಬೌಲರ್‌ಗಳು ಜಿಮ್‌ನಲ್ಲಿ ಕಳೆಯುವಷ್ಟು ಹೊತ್ತು ಮೈದಾನದಲ್ಲಿ ಓಡುತ್ತಿಲ್ಲ ಎಂಬ ಆತಂಕ ಇದರ ಹಿಂದಿತ್ತು. ಆ ಬೇಸಿಗೆಯ ಇಂಗ್ಲೆಂಡ್ ಸರಣಿಯ ಐದೂ ಟೆಸ್ಟ್ ಆಡಿದ ಭಾರತದ ವೇಗಿ ಮೊಹಮ್ಮದ್ ಸಿರಾಜ್ ಒಬ್ಬರೇ. 185.3 ಓವರ್ ಬೌಲ್ ಮಾಡಿ 23 ವಿಕೆಟ್ ಪಡೆದರು. ಬ್ರಾಂಕೊ ಬಂದದ್ದು ಅದಾದ ಮೇಲೆ.