ಮೆದುಳು ಜ್ವರಕ್ಕೆ ಬರೆದ ಹೆಸರು

ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗ ಕೊಡುವ ಹಾಳೆಯನ್ನು ನಾವ್ಯಾರೂ ಪೂರ್ತಿ ಓದುವುದಿಲ್ಲ. ಬಿಲ್ ನೋಡುತ್ತೇವೆ, ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳುತ್ತೇವೆ, ಹಾಳೆ ಮಡಚಿ ರೇಷನ್ ಕಾರ್ಡಿನ ಕವರಿಗೆ ಸೇರಿಸುತ್ತೇವೆ. ಆ ಹಾಳೆಯಲ್ಲಿ ಕಾಯಿಲೆಯ ಹೆಸರು ಬರೆದ ಒಂದು ಸಾಲು ಇರುತ್ತದೆ. ಅಲ್ಲಿ ತಪ್ಪು ಹೆಸರು ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಲೇಷ್ಯಾದಲ್ಲಿ ನಡೆದದ್ದನ್ನು ಹೇಳಬೇಕು.

1998ರ ಸೆಪ್ಟೆಂಬರ್ ಕೊನೆ. ಇಪೋ ಪಟ್ಟಣದ ಹತ್ತಿರ ಹಂದಿ ಸಾಕುವವರಿಗೆ ಜ್ವರ, ತಲೆನೋವು, ಆಮೇಲೆ ಪ್ರಜ್ಞೆ ತಪ್ಪುವುದು ಶುರುವಾಯಿತು. ಕೆಲವರ ರಕ್ತ ಪರೀಕ್ಷೆಯಲ್ಲಿ ಜಪಾನೀಸ್ ಮೆದುಳು ಜ್ವರದ ಗುರುತು ಸಿಕ್ಕಿತು. ಆ ರೋಗ ಹಂದಿ ಮತ್ತು ಕೊಕ್ಕರೆಗಳಿಂದ ಸೊಳ್ಳೆ ಮೂಲಕ ಬರುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಹಂದಿ ಇದೆ, ಸೊಳ್ಳೆ ಇದೆ, ಮೆದುಳು ಜ್ವರ ಇದೆ. ಹಾಗಾಗಿ ದಾಖಲೆಯಲ್ಲಿ ಆ ಹೆಸರೇ ನಿಂತಿತು. ಸರ್ಕಾರ ಹೊಗೆ ಹೊಡೆಸಿತು, ಲಸಿಕೆ ಹಾಕಿಸಿತು.

ಆದರೆ ಕಣ್ಣಿದ್ದವರಿಗೆ ಅನುಮಾನ ಬರುವಂಥ ಸಂಗತಿಗಳಿದ್ದವು. ಜಪಾನೀಸ್ ಜ್ವರ ಹೆಚ್ಚಾಗಿ ಮಕ್ಕಳಿಗೆ ಬರುತ್ತದೆ, ಇಲ್ಲಿ ಮಲಗಿದವರು ದುಡಿಯುವ ಗಂಡಸರು. ಲಸಿಕೆ ಹಾಕಿಸಿಕೊಂಡವರೂ ಬಿದ್ದರು. ಹಂದಿಗಳೇ ಜೋರಾಗಿ ಕೆಮ್ಮುತ್ತಾ ಸಾಯುತ್ತಿದ್ದವು. ಪಕ್ಕದಲ್ಲೇ ಇದ್ದ ಮುಸ್ಲಿಂ ಮನೆಗಳಲ್ಲಿ ಹೆಚ್ಚುಕಡಿಮೆ ಯಾರಿಗೂ ಏನೂ ಆಗಲಿಲ್ಲ. ಸೊಳ್ಳೆ ಧರ್ಮ ನೋಡಿ ಕಚ್ಚುತ್ತದೆಯೇ? ಹಂದಿ ಮುಟ್ಟಿದವರಿಗೆ ಮಾತ್ರ ರೋಗ ಬರುತ್ತಿದೆ ಎಂದರೆ ದಾರಿ ಬೇರೆ ಇದೆ ಎಂದೇ ಅರ್ಥ. ಅಷ್ಟರಲ್ಲಿ ಹೆದರಿದ ರೈತರು ಹಂದಿಗಳನ್ನು ಲಾರಿಗೆ ತುಂಬಿ ದಕ್ಷಿಣಕ್ಕೆ ಮಾರಿದ್ದರು. ರೋಗವೂ ಅದೇ ಲಾರಿಯಲ್ಲಿ ಹೋಯಿತು.

1999ರ ಮಾರ್ಚಿನಲ್ಲಿ ಚುವಾ ಕಾ ಬಿಂಗ್ ಎಂಬ ವೈದ್ಯ ಮಲಯಾ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಹೊಸ ವೈರಸ್ ಬೆಳೆಸಿ, ಅದನ್ನು ಅಮೆರಿಕಕ್ಕೆ ಒಯ್ದು ಪರೀಕ್ಷೆ ಮಾಡಿಸಿದರು. ರೋಗಿಯ ಊರು ಸುಂಗೈ ನಿಪಾ. ವೈರಸ್ಸಿಗೆ ನಿಪಾ ಎಂದೇ ಹೆಸರಾಯಿತು. ಸುಮಾರು ಹತ್ತು ಲಕ್ಷ ಹಂದಿಗಳನ್ನು ಕೊಂದ ಮೇಲೆ ರೋಗ ನಿಂತಿತು. ಆಗ ಲೆಕ್ಕ ಹಾಕಿದಂತೆ 265 ಜನ ಕಾಯಿಲೆ ಬಿದ್ದಿದ್ದರು, 105 ಜನ ತೀರಿಕೊಂಡಿದ್ದರು. ನಮ್ಮ ಪಕ್ಕದ ಕೋಯಿಕ್ಕೋಡಿನಲ್ಲಿ 2018ರಲ್ಲಿ ಕೇಳಿದ್ದು ಇದೇ ಹೆಸರು.

ಕಾಯಿಲೆಗಳಿಗೆ ಒಂದೇ ಪಟ್ಟಿ ಇರಲಿ ಎಂಬ ಆಸೆ ಹಳೆಯದು. ಪ್ಯಾರಿಸ್ಸಿನ ಜಾಕ್ ಬರ್ಟಿಲಾನ್ 1893ರಲ್ಲಿ ಸಾವಿನ ಕಾರಣಗಳ ಪಟ್ಟಿ ಮುಂದಿಟ್ಟರು. 1948ರಿಂದ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಅದರ ಹತ್ತನೇ ಆವೃತ್ತಿಯಲ್ಲಿ ಜಪಾನೀಸ್ ಮೆದುಳು ಜ್ವರಕ್ಕೆ ಎ83.0. ವೈರಸ್ ಎಂದು ಬರೆದು ಯಾವುದೆಂದು ಬರೆಯದಿದ್ದರೆ ಎ86. ಬರೀ ಮೆದುಳಿನ ಉರಿಯೂತ ಎಂದಷ್ಟೇ ಬರೆದರೆ ಜಿ04.9. ಕೋಡ್ ಹಾಕುವ ನೌಕರ ರೋಗಿಯನ್ನು ನೋಡಿರುವುದಿಲ್ಲ, ಡಾಕ್ಟರ್ ಬರೆದ ಸಾಲನ್ನು ನೋಡಿರುತ್ತಾನೆ. ಬೆನ್ನುಹುರಿಯ ನೀರು ತೆಗೆದು ಪರೀಕ್ಷೆ ಮಾಡದಿದ್ದರೆ ಡಾಕ್ಟರ್ ತಾನೇ ಏನು ಬರೆಯಬೇಕು?

ನಮ್ಮ ದೇಶದಲ್ಲಿ ಜಪಾನೀಸ್ ಜ್ವರ ಮೊದಲು ಗೊತ್ತಾದದ್ದು 1955ರಲ್ಲಿ, ವೆಲ್ಲೂರಿನ ಕಡೆ. ಆಮೇಲೆ ನಮ್ಮ ಕೋಲಾರ, ಮಂಡ್ಯಗಳಲ್ಲೂ ಕಂಡಿತು. 2005ರಲ್ಲಿ ಗೋರಖ್‌ಪುರದ ಸುತ್ತ ಸಾವಿರಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ಮರುವರ್ಷ ಲಸಿಕೆ ಶುರುವಾಯಿತು, ಮೊದಲ ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಇತ್ತು. ಅದೇ ಹೊತ್ತಿಗೆ ಎಇಎಸ್ ಎಂಬ ದೊಡ್ಡ ಚೀಲದಂಥ ಹೆಸರೂ ಬಳಕೆಗೆ ಬಂತು. ದಿಢೀರ್ ಜ್ವರ, ಜೊತೆಗೆ ಪ್ರಜ್ಞೆಯಲ್ಲಿ ಏರುಪೇರು ಅಥವಾ ಫಿಟ್ಸ್ ಇದ್ದರೆ ಆ ಚೀಲಕ್ಕೆ. ಒಂದು ಕೇಸೂ ಲೆಕ್ಕ ತಪ್ಪದಿರಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಚೀಲದ ಒಳಗೆ ಕೈ ಹಾಕಿ ನೋಡುವವರು ಕಡಿಮೆಯಾದರು. ಗೋರಖ್‌ಪುರದ ಚೀಲದಲ್ಲಿ ಸ್ಕ್ರಬ್ ಟೈಫಸ್ ಎಷ್ಟೋ ಇತ್ತೆಂದು ವರ್ಷಗಳ ಮೇಲೆ ಗೊತ್ತಾಯಿತು. ಅದು ವೈರಸ್ ಅಲ್ಲ, ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಗೆ ಬಗ್ಗುವ ರೋಗ.

ಬಿಹಾರದ ಮುಜಾಫರ್‌ಪುರದ್ದು ಇನ್ನೂ ಸಂಕಟದ ಕಥೆ. ಬೇಸಿಗೆ ಬಂದರೆ ಬೆಳಗಿನ ಜಾವ ಮಕ್ಕಳಿಗೆ ಫಿಟ್ಸ್. ಜನ ಅದನ್ನು ಚಮ್ಕಿ ಬುಖಾರ್ ಎನ್ನುತ್ತಿದ್ದರು, ದಾಖಲೆಯಲ್ಲಿ ಮೆದುಳು ಜ್ವರ. 2014ರಲ್ಲಿ ಅಧ್ಯಯನ ಮಾಡಿದವರು ವೈರಸ್ ಹುಡುಕಿ ಸುಸ್ತಾದರು. 2017ರಲ್ಲಿ ಪ್ರಕಟವಾದ ವರದಿ ಬೊಟ್ಟು ಮಾಡಿದ್ದು ಲಿಚಿ ಹಣ್ಣಿನ ಕಡೆ. ತೋಟದಲ್ಲಿ ಹಣ್ಣು ತಿಂದು ರಾತ್ರಿ ಊಟವಿಲ್ಲದೆ ಮಲಗಿದ ಬಡಮಕ್ಕಳ ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿಯುತ್ತಿತ್ತು. ಬೇಕಾಗಿದ್ದದ್ದು ತಡಮಾಡದೆ ಗ್ಲೂಕೋಸ್, ಮತ್ತು ಹಿಂದಿನ ರಾತ್ರಿ ಒಂದು ತುತ್ತು ಅನ್ನ.

ನಮ್ಮ ಮಲೆನಾಡಿನದ್ದೂ ಒಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ ಸತ್ತು ಜನ ಮಲಗಿದಾಗ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ವೈರಸ್ ರಷ್ಯಾದ ಉಣ್ಣೆ ಕಡಿತದ ಮೆದುಳು ಜ್ವರದ ದಾಯಾದಿ ಎಂದು ತಿಳಿದ ಮೇಲೆ ಅದರ ಲಸಿಕೆಯನ್ನೇ ಇಲ್ಲಿ ಹಾಕಿ ನೋಡಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ಮಂಗನ ಕಾಯಿಲೆಗೆ ತನ್ನದೇ ಕೋಡ್ ಸಿಕ್ಕಿತು: ಎ98.2. ಅದೂ ರಕ್ತಸ್ರಾವದ ಜ್ವರಗಳ ಸಾಲಿನಲ್ಲಿ. ಎರಡನೇ ಸಲ ಜ್ವರ ಮರುಕಳಿಸಿದಾಗ ಕೆಲವರ ಮೆದುಳಿಗೂ ತಗಲುತ್ತದೆ ಎನ್ನುವುದು ಆ ಅಂಕಿ ನೋಡಿದರೆ ತಿಳಿಯದು.

ನಮ್ಮಲ್ಲಿ ಆಗುವ ಸಾವುಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಮಾತ್ರ ಡಾಕ್ಟರ್ ಕಾರಣ ಬರೆದುಕೊಡುತ್ತಾರೆ. ಆಸ್ಪತ್ರೆಯಲ್ಲಿ ತೀರಿಕೊಂಡರೆ ತುಂಬುವುದು ನಮೂನೆ 4. 'ಹೃದಯ ನಿಂತು ಸಾವು' ಎಂದು ಅದರಲ್ಲಿ ಬರೆಯಬಾರದು ಎಂಬ ನಿಯಮವಿದೆ, ಯಾಕೆಂದರೆ ಹೃದಯ ಎಲ್ಲರದ್ದೂ ನಿಲ್ಲುತ್ತದೆ. ಆದರೂ ಬರೆಯುತ್ತಾರೆ. ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯ ಪ್ರಕಾರ ಆ ಪ್ರಮಾಣಪತ್ರದ ಒಂದು ಪ್ರತಿಯನ್ನು ಹತ್ತಿರದ ಬಂಧುವಿಗೂ ಕೊಡಬೇಕು, ಅದಕ್ಕೆ ದುಡ್ಡು ಕೇಳುವಂತಿಲ್ಲ.